ಮಳೆ, ಗಾಳಿ, ಹಿಮಕ್ಕೆ ಯಾವ ಉಡುಪು? ಘಟಪ್ರಭೆಯ ದಂಡೆಯಿಂದ ಹಿಮಾಲಯದವರೆಗೆ ಒಂದೇ ಪಾಠ

ಗೋಕಾಕ: ಏಪ್ರಿಲ್-ಮೇ ತಿಂಗಳು ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಬಿಸಿಲಿನದೇ ದರ್ಬಾರು. ಮಧ್ಯಾಹ್ನದವರೆಗೆ ನೆಲ ಕಾದು ಕೆಂಡವಾಗುತ್ತದೆ. ಸಂಜೆಯ ಹೊತ್ತಿಗೆ ಪಶ್ಚಿಮದಲ್ಲಿ ಮೋಡ ಕವಿದು, ಬಿರುಗಾಳಿ ಎದ್ದು, ಗುಡುಗು-ಸಿಡಿಲಿನೊಡನೆ ಅಡ್ಡಮಳೆ ಸುರಿಯುತ್ತದೆ. ಕೆಲವೊಮ್ಮೆ ಆಲಿಕಲ್ಲೂ ಬೀಳುತ್ತದೆ. ಅರ್ಧ ಗಂಟೆಯ ಹಿಂದೆ ಬೆವರು ಒರೆಸಿಕೊಳ್ಳುತ್ತಿದ್ದ ಬೈಕ್ ಸವಾರ ಹಲ್ಲು ಕಟಕಟಿಸುತ್ತ ಬಸ್ ತಂಗುದಾಣದ ಆಸರೆ ಹುಡುಕುತ್ತಾನೆ.

ಇದೇ ತಿಂಗಳುಗಳಲ್ಲಿ ರಾಜ್ಯದ ನಗರಗಳಿಂದ ನೂರಾರು ಮಂದಿ ಹಿಮಾಲಯದತ್ತ ಚಾರಣಕ್ಕೆ ಹೊರಡುತ್ತಾರೆ. ಕೆಲವರು ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಬೆಟ್ಟವೇರುವ ಸಾಹಸಕ್ಕೂ ಕೈಹಾಕುತ್ತಾರೆ. ಅಲ್ಲಿಯೂ ವಸಂತ ಮತ್ತು ಬೇಸಿಗೆಯ ಹವೆಯ ಗುಣ ಇದೇ. ಬೆಳಿಗ್ಗೆ ನಿರ್ಮಲ ಆಕಾಶ, ಮಧ್ಯಾಹ್ನ ಮೋಡ, ಸಂಜೆಗೆ ಮಳೆ ಅಥವಾ ಹಿಮ. ವ್ಯತ್ಯಾಸ ಇಷ್ಟೇ: ಗೋಕಾಕದಲ್ಲಿ ನೆನೆದವನಿಗೆ ಮನೆ ಹತ್ತಿರದಲ್ಲಿದೆ. ಬೆಟ್ಟದ ಮೇಲೆ ನೆನೆದವನಿಗೆ ಮೈಮೇಲಿನ ಬಟ್ಟೆಯೇ ಮನೆ.

ಆದ್ದರಿಂದ ಒದ್ದೆ, ಗಾಳಿ, ಚಳಿ ಮೂರೂ ಒಟ್ಟಿಗೆ ಎರಗಿದಾಗ ಮೈಮೇಲೆ ಏನಿರಬೇಕು ಎಂಬ ಪ್ರಶ್ನೆ ಕೇವಲ ಅನುಕೂಲದ್ದಲ್ಲ, ಜೀವದ ಪ್ರಶ್ನೆ. ಇದಕ್ಕೆ ಆಧುನಿಕ ವಿಜ್ಞಾನ ನೀಡುವ ಉತ್ತರದ ಬಹುಭಾಗವನ್ನು ಘಟಪ್ರಭಾ, ಮಾರ್ಕಂಡೇಯ ನದಿಗಳ ದಂಡೆಯಲ್ಲಿ ಕುರಿ ಕಾಯುವವರು ತಲೆಮಾರುಗಳಿಂದ ಆಚರಣೆಯಲ್ಲಿ ಇಟ್ಟುಕೊಂಡು ಬಂದಿದ್ದಾರೆ ಎಂಬುದು ಗಮನಾರ್ಹ.

ಸಹಸ್ರತಾಲದ ನೆನಪು

2024ರ ಜೂನ್ ಮೊದಲ ವಾರದ ದುರಂತವನ್ನು ಕನ್ನಡಿಗರು ಮರೆತಿರಲಾರರು. ಮೇ 29ರಂದು ಉತ್ತರಾಖಂಡದ ಉತ್ತರಕಾಶಿ ಕಡೆಯಿಂದ 22 ಮಂದಿಯ ತಂಡವೊಂದು ಸಹಸ್ರತಾಲ ಚಾರಣಕ್ಕೆ ಹೊರಟಿತ್ತು. ಅವರಲ್ಲಿ 18 ಮಂದಿ ಕರ್ನಾಟಕದವರು, ಒಬ್ಬರು ಮಹಾರಾಷ್ಟ್ರದವರು, ಮೂವರು ಸ್ಥಳೀಯ ಮಾರ್ಗದರ್ಶಿಗಳು. ಸರೋವರದ ಎತ್ತರ ಸಮುದ್ರಮಟ್ಟದಿಂದ 4,000 ಮೀಟರ್‌ಗೂ ಹೆಚ್ಚು. ಹಿಂತಿರುಗುವ ಹಾದಿಯಲ್ಲಿ ಹವೆ ಕೆಟ್ಟು ಹಿಮಗಾಳಿ ಬೀಸಿತು. ದಾರಿ ಕಾಣದಾಯಿತು. ತಂಡ ಬಯಲಲ್ಲಿಯೇ ಸಿಲುಕಿಕೊಂಡಿತು. 9 ಚಾರಣಿಗರು ಪ್ರಾಣ ಕಳೆದುಕೊಂಡರು. ಉಳಿದ 13 ಮಂದಿಯನ್ನು ವಾಯುಪಡೆಯ ಹೆಲಿಕಾಪ್ಟರ್ ಹಾಗೂ ರಕ್ಷಣಾ ಸಿಬ್ಬಂದಿಯ ನೆರವಿನಿಂದ ಪಾರುಮಾಡಲಾಯಿತು. ರಾಜ್ಯ ಸರ್ಕಾರದ ಪರವಾಗಿ ಕಂದಾಯ ಸಚಿವ ಕೃಷ್ಣ ಬೈರೇಗೌಡ ಅವರು ಡೆಹ್ರಾಡೂನ್‌ಗೆ ತೆರಳಿ ಕಾರ್ಯಾಚರಣೆಯ ಸಮನ್ವಯ ನೋಡಿಕೊಂಡರು.

ಇಂತಹ ದುರಂತಕ್ಕೆ ಉಡುಪೊಂದೇ ಕಾರಣವೆಂದು ಹೇಳಲಾಗದು. ಹವೆ, ಎತ್ತರ, ದಣಿವು, ಸಮಯ ಎಲ್ಲವೂ ಸೇರಿಯೇ ಅನಾಹುತ ಸಂಭವಿಸುತ್ತದೆ. ಆದರೆ ಬಯಲಲ್ಲಿ ಸಿಲುಕಿದ ಮನುಷ್ಯ ಎಷ್ಟು ಗಂಟೆ ತಾಳಿಕೊಳ್ಳಬಲ್ಲ ಎಂಬುದನ್ನು ನಿರ್ಧರಿಸುವ ಸಂಗತಿಗಳಲ್ಲಿ ಉಡುಪು ಮುಖ್ಯವಾದುದು. ಹೊರಡುವ ಮುನ್ನ ಮನೆಯಲ್ಲಿಯೇ ಸರಿಪಡಿಸಿಕೊಳ್ಳಬಹುದಾದ ಸಂಗತಿಯೂ ಅದೇ.

ಚಳಿಗಿಂತ ಒದ್ದೆ ಹೆಚ್ಚು ಅಪಾಯ

ಮನುಷ್ಯನ ದೇಹದ ಒಳಗಿನ ಉಷ್ಣಾಂಶ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು 35 ಡಿಗ್ರಿಗಿಂತ ಕೆಳಗೆ ಇಳಿದರೆ ವೈದ್ಯರು ಅದನ್ನು ‘ಹೈಪೋಥರ್ಮಿಯಾ’ ಎನ್ನುತ್ತಾರೆ. ಸರಳವಾಗಿ ಹೇಳುವುದಾದರೆ ದೇಹ ತಾನು ಉತ್ಪಾದಿಸುವ ಶಾಖಕ್ಕಿಂತ ಹೆಚ್ಚು ಶಾಖವನ್ನು ಕಳೆದುಕೊಂಡ ಸ್ಥಿತಿ ಅದು.

ಇದಕ್ಕೆ ಹಿಮವೇ ಬೀಳಬೇಕೆಂದಿಲ್ಲ. 1964ರ ಮಾರ್ಚ್ 14-15ರಂದು ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಾಡಿನಲ್ಲಿ ‘ಫೋರ್ ಇನ್ಸ್’ ಎಂಬ ಕಾಲ್ನಡಿಗೆ ಸ್ಪರ್ಧೆ ನಡೆದಾಗ ಮೂವರು ತರುಣರು ಮಳೆ-ಗಾಳಿಗೆ ಸಿಕ್ಕು ಸತ್ತರು. ಆಗ ಉಷ್ಣಾಂಶ ಸೊನ್ನೆಗಿಂತ ಮೇಲೆಯೇ ಇತ್ತು. 1953ರ ಎವರೆಸ್ಟ್ ಆರೋಹಣದಲ್ಲಿ ಭಾಗವಹಿಸಿದ್ದ ಶರೀರಶಾಸ್ತ್ರಜ್ಞ ಗ್ರಿಫಿತ್ ಪ್ಯೂ ಈ ಸಾವುಗಳನ್ನು ಅಧ್ಯಯನ ಮಾಡಿದರು. ಒದ್ದೆಯಾಗಿ ಗಾಳಿಗೆ ಸಿಕ್ಕ ಬಟ್ಟೆ ಶಾಖ ಕಾಯುವ ಶಕ್ತಿಯ ಬಹುಪಾಲನ್ನು ಕಳೆದುಕೊಳ್ಳುತ್ತದೆ ಎಂಬುದು ಅವರ ಅಧ್ಯಯನದಿಂದ ಸ್ಪಷ್ಟವಾಯಿತು.

ಕಾರಣ ಸರಳ. ಬಟ್ಟೆ ನಮ್ಮನ್ನು ಬೆಚ್ಚಗಿಡುವುದು ತನ್ನ ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಆ ಜಾಗದಲ್ಲಿ ನೀರು ತುಂಬಿಕೊಂಡರೆ, ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಅದು ಮೈಶಾಖವನ್ನು ಹೊರಗೆ ಸಾಗಿಸುತ್ತದೆ. ಜೊತೆಗೆ ಆ ನೀರು ಆವಿಯಾಗುವಾಗಲೂ ದೇಹದಿಂದಲೇ ಶಾಖ ಪಡೆಯುತ್ತದೆ. ಒಂದು ಲೀಟರ್ ನೀರು ಆವಿಯಾಗಲು ತಗಲುವ ಶಾಖ ಸುಮಾರು 580 ಕಿಲೋ ಕ್ಯಾಲೊರಿ. ಅಷ್ಟು ಶಾಖದಿಂದ 58 ಲೀಟರ್ ನೀರನ್ನು 10 ಡಿಗ್ರಿಯಷ್ಟು ಬಿಸಿ ಮಾಡಬಹುದು. ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಒದ್ದೆ ಅಂಗಿಯವನು ನಡುಗುವುದೂ ಒಂದೇ ನಿಯಮದಿಂದ.

ಗಾಳಿ ಈ ನಷ್ಟವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಉಷ್ಣಾಂಶ 5 ಡಿಗ್ರಿ ಇದ್ದು ಗಂಟೆಗೆ 40 ಕಿ.ಮೀ. ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತಲೂ ಕೆಳಗಿನ ಚಳಿಯಂತೆ ತಟ್ಟುತ್ತದೆ. ಎತ್ತರದ ಲೆಕ್ಕವನ್ನೂ ಸೇರಿಸಬೇಕು. ಪ್ರತಿ 1,000 ಮೀಟರ್ ಮೇಲೇರಿದಂತೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಸುಮಾರು 550 ಮೀಟರ್ ಎತ್ತರದ ಗೋಕಾಕಕ್ಕೂ 4,500 ಮೀಟರ್ ಎತ್ತರದ ಹಿಮಾಲಯದ ಕಣಿವೆಗೂ ಈ ಒಂದೇ ಲೆಕ್ಕದಲ್ಲಿ 25 ಡಿಗ್ರಿಗೂ ಹೆಚ್ಚಿನ ಅಂತರವಿದೆ.

ಕಂಬಳಿ ಕೊಪ್ಪೆಯ ವಿಜ್ಞಾನ

ಈ ಭಾಗದ ಕುರುಬರು ಸಾಕುವ ದಖ್ಖನಿ ಕುರಿಯ ಉಣ್ಣೆ ಒರಟು. ಮೈಗೆ ಚುಚ್ಚುತ್ತದೆ. ನುಣುಪಾದ ಸ್ವೆಟರ್‌ಗೆ ಒಗ್ಗದು. ಆದರೆ ಅದರ ಅನೇಕ ಎಳೆಗಳ ಒಳಗೆ ಟೊಳ್ಳು ಇರುತ್ತದೆ. ಆ ಟೊಳ್ಳಿನಲ್ಲಿ ಗಾಳಿ ಉಳಿಯುತ್ತದೆ. ಉಣ್ಣೆಯ ಎಳೆಯ ಹೊರಮೈ ನೀರಿನ ಹನಿಯನ್ನು ಸುಲಭವಾಗಿ ಒಳಬಿಡದು. ಕುರಿಯ ಮೈಯಿಂದ ಬಂದ ಜಿಡ್ಡಿನ ಅಂಶವೂ ಇದಕ್ಕೆ ನೆರವಾಗುತ್ತದೆ. ಆದರೆ ಎಳೆಯ ಒಳಭಾಗ ನೀರಾವಿಯನ್ನು ಹೀರಬಲ್ಲದು. ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಹೀರಿದರೂ ಉಣ್ಣೆ ಮುಟ್ಟಲು ಒದ್ದೆ ಎನಿಸುವುದಿಲ್ಲ. ತೇವ ಹೀರುವಾಗ ಅದು ಅಲ್ಪ ಪ್ರಮಾಣದ ಶಾಖವನ್ನು ಬಿಡುಗಡೆಯನ್ನೂ ಮಾಡುತ್ತದೆ.

ನೇಯ್ಗೆಯ ಕ್ರಮವೂ ಬುದ್ಧಿವಂತಿಕೆಯದು. ಕುಣಿಮಗ್ಗದಲ್ಲಿ ಕಿರಿದಾದ ಪಟ್ಟಿಗಳಾಗಿ ನೇಯ್ದು ನಂತರ ಅವನ್ನು ಕೂಡಿಸಿ ಹೊಲಿಯುವುದು ರೂಢಿ. ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಲಾಗುತ್ತದೆ. ಇದರಿಂದ ಕಂಬಳಿ ಬಿಗಿಯಾಗಿ, ಸೆಟೆದು ನಿಂತು, ಗಾಳಿಯನ್ನೂ ಮಳೆಯನ್ನೂ ತಡೆಯುವ ಗುಣ ಪಡೆಯುತ್ತದೆ. ಕಂಬಳಿಯನ್ನು ಮಡಿಸಿ ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡರೆ ನೆತ್ತಿ, ಕುತ್ತಿಗೆ, ಬೆನ್ನು ಮೂರೂ ಮುಚ್ಚುತ್ತವೆ. ಮುಂಭಾಗ ತೆರೆದಿರುವುದರಿಂದ ಬೆವರಿನ ಆವಿ ಹೊರಹೋಗುತ್ತದೆ. ರಾತ್ರಿ ಅದೇ ಹಾಸಿಗೆ, ಅದೇ ಹೊದಿಕೆ.

ಕೊಪ್ಪೆಯ ಮಿತಿಯನ್ನೂ ಹೇಳಲೇಬೇಕು. ಗಂಟೆಗಟ್ಟಲೆ ಜಡಿಮಳೆಯಲ್ಲಿ ಕಂಬಳಿ ಕೊನೆಗೂ ನೀರು ಕುಡಿಯುತ್ತದೆ. ಆಗ ಅದರ ಭಾರ ಹೆಚ್ಚುತ್ತದೆ, ಒಣಗಲು ದಿನ ಹಿಡಿಯುತ್ತದೆ. ಆದ್ದರಿಂದಲೇ ಇಂದಿನ ಕುರಿಗಾಹಿಗಳಲ್ಲಿ ಅನೇಕರು ಕಂಬಳಿಯ ಮೇಲೆ ಪ್ಲಾಸ್ಟಿಕ್ ಹಾಳೆ ಅಥವಾ ತಾಡಪತ್ರಿಯ ತುಂಡನ್ನು ಹೊದೆಯುವುದುಂಟು. ಒಳಗೆ ಶಾಖ ಕಾಯುವ ಉಣ್ಣೆ, ಹೊರಗೆ ನೀರು ತಡೆಯುವ ಹಾಳೆ. ಪರ್ವತಾರೋಹಿಗಳು ‘ಪದರ ಪದ್ಧತಿ’ ಎಂದು ಕರೆಯುವುದು ಇದನ್ನೇ.

ಹತ್ತಿಯ ಊರಿನಲ್ಲಿ ಹತ್ತಿಗೆ ಎಚ್ಚರಿಕೆ

ಗೋಕಾಕ ಜಲಪಾತದ ಬಳಿ 1885ರಲ್ಲಿ ಸ್ಥಾಪನೆಯಾದ ನೂಲಿನ ಗಿರಣಿ ಈ ಊರಿಗೆ ಹತ್ತಿಯ ಹೆಸರು ತಂದಿತು. ಬೇಸಿಗೆಯ ಬಿಸಿಲಿಗೆ ಹತ್ತಿಯಂತಹ ಬಟ್ಟೆ ಬೇರೊಂದಿಲ್ಲ. ಬೆವರನ್ನು ಹೀರಿ, ನಿಧಾನವಾಗಿ ಆವಿಯಾಗಲು ಬಿಟ್ಟು, ಮೈಯನ್ನು ತಂಪಾಗಿಡುವುದೇ ಅದರ ಗುಣ. ಆದರೆ ಚಳಿಯಲ್ಲಿ ಆ ಗುಣವೇ ದೋಷವಾಗುತ್ತದೆ. ನೆನೆದ ಹತ್ತಿಯ ಬನಿಯನ್ ಚರ್ಮಕ್ಕೆ ಅಂಟಿಕೊಂಡು ಗಂಟೆಗಟ್ಟಲೆ ಶಾಖ ಕದಿಯುತ್ತದೆ.

ಜೀನ್ಸ್ ಪ್ಯಾಂಟಿನದೂ ಇದೇ ಕಥೆ. ಅದು ಕೂಡ ಹತ್ತಿಯದೇ. ನೆನೆದರೆ ಭಾರವಾಗಿ ಮೊಣಕಾಲು ಮಡಿಸುವುದೂ ಕಷ್ಟ. ಮಳೆಗಾಲದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವುದನ್ನು ನೋಡಲು, ಅಥವಾ ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಜಲಪಾತಕ್ಕೆ ಬರುವವರಲ್ಲಿ ಹೆಚ್ಚಿನವರು ಧರಿಸುವುದು ಜೀನ್ಸನ್ನೇ. ಅರ್ಧ ದಿನದ ಪ್ರವಾಸಕ್ಕೆ ಅದು ಕಿರಿಕಿರಿ ಮಾತ್ರ. ಬೆಳಗಾವಿಯಿಂದ ಸುಮಾರು 70 ಕಿ.ಮೀ. ದೂರದ ಅಂಬೋಲಿ ಘಟ್ಟದಲ್ಲಿ ದಿನವಿಡೀ ನೆನೆದು ರಾತ್ರಿ ಬೈಕಿನಲ್ಲಿ ಮರಳುವವರಿಗೆ ಅದು ಜ್ವರದ ಆಹ್ವಾನ. ಹಿಮಾಲಯದಲ್ಲಿ ಅದೇ ಪ್ರಾಣಾಂತಿಕವಾಗಬಹುದು.

ಮೂರು ಪದರ, ಮೂರು ಕೆಲಸ

ಒಂದೇ ದಪ್ಪ ಕೋಟಿಗಿಂತ ಮೂರು ತೆಳು ಪದರ ಲೇಸು ಎಂಬುದು ಪರ್ವತಾರೋಹಣದ ಮೂಲ ಪಾಠ. ಪ್ರತಿ ಪದರಕ್ಕೂ ಒಂದೊಂದು ಹೊಣೆ.

ಮೊದಲನೆಯದು ಮೈಗೆ ಅಂಟಿದ ಒಳಪದರ. ಬೆವರನ್ನು ಚರ್ಮದಿಂದ ದೂರ ಸಾಗಿಸುವುದು ಇದರ ಕೆಲಸ. ತೆಳು ಪಾಲಿಯೆಸ್ಟರ್ ಅಥವಾ ನಯವಾದ ಮೆರಿನೋ ಉಣ್ಣೆಯದಾದರೆ ಉತ್ತಮ. ಕ್ರೀಡಾ ಅಂಗಡಿಗಳಲ್ಲಿ ಸಿಗುವ ಸಾಧಾರಣ ಬೆಲೆಯ ಪಾಲಿಯೆಸ್ಟರ್ ಟೀ ಶರ್ಟ್ ಕೂಡ ಹತ್ತಿಯ ಬನಿಯನ್‌ಗಿಂತ ಮೇಲು.

ಎರಡನೆಯದು ಶಾಖ ಕಾಯುವ ನಡುಪದರ. ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್ ಇಲ್ಲಿಗೆ ಸೂಕ್ತ. ಫ್ಲೀಸ್ ನೀರು ಹೀರುವುದು ಕಡಿಮೆ, ಹಿಂಡಿ ಕೊಡವಿದರೆ ಬೇಗ ಒಣಗುತ್ತದೆ. ಹಕ್ಕಿಗರಿ ತುಂಬಿದ ಜಾಕೆಟ್ ಒಣ ಚಳಿಗೆ ಅತ್ಯುತ್ತಮವಾದರೂ ನೆನೆದರೆ ಮುದ್ದೆಯಾಗಿ ನಿರುಪಯುಕ್ತವಾಗುತ್ತದೆ. ಮಳೆ-ಹಿಮ ಬೆರೆತು ಬೀಳುವ ವಸಂತದಲ್ಲಿ ಕೃತಕ ನಾರು ತುಂಬಿದ ಜಾಕೆಟ್ ಹೆಚ್ಚು ನಂಬಿಗಸ್ತ. ಗರಿಯ ಜಾಕೆಟ್ ಒಯ್ದರೆ ಅದನ್ನು ನೀರು ಹೋಗದ ಚೀಲದಲ್ಲಿಟ್ಟು, ಡೇರೆಯೊಳಗೆ ಅಥವಾ ಆಸರೆಯಡಿಯಲ್ಲಿ ಮಾತ್ರ ತೆಗೆಯಬೇಕು.

ಮೂರನೆಯದು ಗಾಳಿ-ಮಳೆ ತಡೆಯುವ ಹೊರಪದರ. ಇದರಲ್ಲಿ ಶಾಖ ಇರಬೇಕಿಲ್ಲ, ತಡೆ ಇದ್ದರೆ ಸಾಕು. ಒಳಗೆ ಎರಡು ಪದರ ಹಿಡಿಯುವಷ್ಟು ಸಡಿಲ ಇರಬೇಕು. ಶಿರಸ್ತ್ರಾಣದ ಮೇಲೂ ಬರುವಷ್ಟು ದೊಡ್ಡ ಟೊಪ್ಪಿಗೆ, ಕಂಕುಳಲ್ಲಿ ತೆರೆಯುವ ಜಿಪ್ಪು ಇದ್ದರೆ ಒಳಿತು. ಪ್ಯಾಂಟಿಗೂ ಇಂತಹುದೇ ಹೊರಪದರ ಬೇಕು. ಮೇಲಿಗೆ ದುಬಾರಿ ಜಾಕೆಟ್ ಕೊಂಡು ಕೆಳಗೆ ಸಾದಾ ಪ್ಯಾಂಟ್ ಧರಿಸುವುದು ಹೊಸ ಚಾರಣಿಗರ ಸಾಮಾನ್ಯ ತಪ್ಪು.

ಈ ತತ್ವ ಹೊಸದೇನಲ್ಲ. 1924ರಲ್ಲಿ ಎವರೆಸ್ಟ್‌ನಲ್ಲಿ ಕಣ್ಮರೆಯಾದ ಜಾರ್ಜ್ ಮಲ್ಲೋರಿಯ ದೇಹ 1999ರಲ್ಲಿ ಪತ್ತೆಯಾದಾಗ ಮೈಮೇಲೆ ರೇಷ್ಮೆ, ಹತ್ತಿ, ಉಣ್ಣೆಯ ಹಲವು ತೆಳು ಪದರಗಳೂ ಹೊರಗೆ ಗ್ಯಾಬರ್ಡೀನ್ ಬಟ್ಟೆಯೂ ಇದ್ದವು. 2006ರಲ್ಲಿ ಅದರ ಪ್ರತಿಕೃತಿಯನ್ನು ತಯಾರಿಸಿ ಎವರೆಸ್ಟ್‌ನಲ್ಲಿಯೇ ಪರೀಕ್ಷಿಸಿದಾಗ ಆ ಉಡುಪು ನಿರೀಕ್ಷೆಗಿಂತ ಹಗುರ ಹಾಗೂ ಬೆಚ್ಚಗಿದೆ ಎಂದು ಕಂಡುಬಂತು.

ರೇನ್‌ಕೋಟ್ ಕೊಳ್ಳುವ ಮುನ್ನ

ಪೇಟೆಯಲ್ಲಿ ಸಿಗುವ ರಬ್ಬರ್ ಅಥವಾ ಪ್ಲಾಸ್ಟಿಕ್ ರೇನ್‌ಕೋಟ್ ಹೊರಗಿನ ನೀರನ್ನು ಪೂರ್ತಿ ತಡೆಯುತ್ತದೆ. ಒಳಗಿನ ಬೆವರನ್ನೂ ಪೂರ್ತಿ ತಡೆಯುತ್ತದೆ. ಬೈಕ್ ಮೇಲೆ ಕುಳಿತವನಿಗೆ ಇದು ತೊಂದರೆಯಲ್ಲ. ಬೆಟ್ಟ ಹತ್ತುವವನು ಮಾತ್ರ ಮಳೆಯಿಂದ ಪಾರಾಗಿ ಬೆವರಿನಲ್ಲಿ ನೆನೆಯುತ್ತಾನೆ.

ಇದಕ್ಕೆ ಪರಿಹಾರವಾಗಿ ಬಂದದ್ದು ‘ಉಸಿರಾಡುವ’ ಬಟ್ಟೆ. 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್, ಟೆಫ್ಲಾನ್ ಜಾತಿಯ ವಸ್ತುವನ್ನು ಥಟ್ಟನೆ ಎಳೆದು ಹಿಗ್ಗಿಸಿ ಅಸಂಖ್ಯ ಸೂಕ್ಷ್ಮ ರಂಧ್ರಗಳುಳ್ಳ ಪೊರೆಯನ್ನು ಪಡೆದರು. ‘ಗೋರ್-ಟೆಕ್ಸ್’ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಯಿತು. ಆ ರಂಧ್ರಗಳು ನೀರಿನ ಹನಿಗಿಂತ ಬಹಳ ಚಿಕ್ಕವು, ನೀರಾವಿಯ ಅಣುವಿಗಿಂತ ಬಹಳ ದೊಡ್ಡವು. ಹೀಗಾಗಿ ಮಳೆ ಒಳಬರದು, ಆವಿ ಹೊರಹೋಗಬಲ್ಲದು. ಈಗ ಅನೇಕ ಕಂಪನಿಗಳು ಇದೇ ಬಗೆಯ ಬಟ್ಟೆ ತಯಾರಿಸುತ್ತಿವೆ.

ಆದರೆ ಜಾಹೀರಾತಿನಷ್ಟೇ ನಂಬುವಂತಿಲ್ಲ. ಹೊರಗಿನ ಗಾಳಿಯೇ ತೇವದಿಂದ ತುಂಬಿದ್ದರೆ ಒಳಗಿನ ಆವಿಗೆ ಹೋಗಲು ಜಾಗವಿರದು. ಬಟ್ಟೆಯ ಹೊರಮೈಗೆ ಹಚ್ಚಿದ ನೀರುನಿರೋಧಕ ಲೇಪ ಸವೆದರೆ ಹೊರಬಟ್ಟೆ ನೀರು ಕುಡಿದು ಆವಿಯ ದಾರಿ ಮುಚ್ಚುತ್ತದೆ. ಚಿಮುಕಿಸಿದ ನೀರು ಮುತ್ತಿನಂತೆ ಉರುಳಿಹೋದರೆ ಲೇಪ ಸರಿಯಿದೆ, ಕಲೆಯಂತೆ ಹರಡಿದರೆ ಲೇಪವನ್ನು ಹೊಸದಾಗಿ ಹಚ್ಚಬೇಕಾಗಿದೆ ಎಂದು ತಿಳಿಯಬೇಕು. ಹೊಲಿಗೆಯ ಒಳಬದಿಗೆ ಪಟ್ಟಿ ಅಂಟಿಸಿದೆಯೇ ಎಂದು ನೋಡಿಯೇ ಕೊಳ್ಳಬೇಕು. ಪಟ್ಟಿ ಇಲ್ಲದಿದ್ದರೆ ಸೂಜಿಯ ತೂತುಗಳಿಂದಲೇ ನೀರು ಜಿನುಗುತ್ತದೆ.

ಸ್ಕೀ ಸಾಹಸಿಗರಿಗೆ ಎರಡು ಹವೆ

ಸ್ಕೀ ಕಟ್ಟಿಕೊಂಡು ಬೆಟ್ಟವೇರುವವರ ಕಷ್ಟ ಇನ್ನೂ ವಿಶಿಷ್ಟವಾದುದು. ಸ್ಕೀ ಹಲಗೆಯ ಅಡಿಗೆ ಜಾರದಂತೆ ಪಟ್ಟಿ ಅಂಟಿಸಿಕೊಂಡು ಗಂಟೆಗಟ್ಟಲೆ ಮೇಲೇರುವಾಗ ಮೈ ಕುದಿಯುತ್ತದೆ. ಶಿಖರದಿಂದ ಕೆಳಗೆ ಜಾರುವಾಗ ದೇಹಕ್ಕೆ ಶ್ರಮ ಕಡಿಮೆ, ಎದುರುಗಾಳಿ ಮಾತ್ರ ತೀವ್ರ. ಒಂದೇ ದಿನದಲ್ಲಿ ಎರಡು ಹವೆ ಇದ್ದಂತೆ.

ಆದುದರಿಂದ ಏರುವಾಗ ಸ್ವಲ್ಪ ಚಳಿ ಎನಿಸುವಷ್ಟೇ ಬಟ್ಟೆಯಲ್ಲಿ ಹೊರಡುವುದು, ಬೆವರು ಬರುವ ಮೊದಲೇ ಜಿಪ್ಪು ತೆರೆಯುವುದು ಅಥವಾ ಒಂದು ಪದರ ಕಳಚುವುದು, ನಿಂತ ಕೂಡಲೇ ಮೈ ತಣಿಯುವ ಮೊದಲೇ ಜಾಕೆಟ್ ಹಾಕಿಕೊಳ್ಳುವುದು ನಿಯಮ. ಮಳೆಯ ಮೊದಲ ಹನಿಗೇ ಹೊರಪದರ ತೊಡಬೇಕು, ನೆನೆದ ಮೇಲೆ ತೊಟ್ಟರೆ ಪ್ರಯೋಜನ ಅಲ್ಪ. ವಸಂತದ ಹಿಮ ಮಧ್ಯಾಹ್ನಕ್ಕೆ ಕರಗಿ ಕೆಸರಿನಂತಾಗುತ್ತದೆ. ಕುಳಿತರೆ, ಬಿದ್ದರೆ ನೇರವಾಗಿ ನೀರೇ ಬಟ್ಟೆಗೆ ಇಳಿಯುತ್ತದೆ. ಹಿಮಪಾತದ ಅಪಾಯವೂ ಹೆಚ್ಚುತ್ತದೆ. ಬೆಳಕು ಹರಿಯುವ ಮುನ್ನ ಹೊರಟು ಮಧ್ಯಾಹ್ನದೊಳಗೆ ಇಳಿದುಬಿಡುವುದು ಯಾವ ಉಡುಪಿಗಿಂತಲೂ ದೊಡ್ಡ ರಕ್ಷಣೆ.

ಕೈಗವಸು ಒಂದು ಜೊತೆ ಸಾಲದು. ಒಂದು ಜೊತೆ ಖಂಡಿತ ನೆನೆಯುತ್ತದೆ ಎಂದು ತಿಳಿದೇ ಎರಡನೆಯದನ್ನು ಒಣ ಚೀಲದಲ್ಲಿಡಬೇಕು. ಉಣ್ಣೆಯ ಕಾಲುಚೀಲ ಎರಡು ಮೂರು ಜೊತೆ, ಕಿವಿ ಮುಚ್ಚುವ ಟೋಪಿ, ಹಿಮದ ಬೆಳಕು ತಡೆಯುವ ಕನ್ನಡಕ ಕಡ್ಡಾಯ. ಮಲಗುವಾಗ ತೊಡುವ ಒಂದು ಒಣ ಜೊತೆ ಬಟ್ಟೆಯನ್ನು ಹಗಲಲ್ಲಿ ಎಷ್ಟೇ ಆಸೆಯಾದರೂ ಮುಟ್ಟಬಾರದು.

ಅಡ್ಡಮಳೆಯಲ್ಲಿ ಬಟ್ಟೆ ಕಾಯದ ಅಪಾಯ

ಊರಿನ ಹೊಲ-ರಸ್ತೆಗಳಿಗೂ ಈ ಪಾಠ ಅನ್ವಯಿಸುತ್ತದೆ. ಹುಕ್ಕೇರಿಯಿಂದ ಸಂಕೇಶ್ವರಕ್ಕೋ, ಮೂಡಲಗಿಯಿಂದ ಗೋಕಾಕಕ್ಕೋ ಸಂಜೆ ಬೈಕಿನಲ್ಲಿ ಹೋಗುವವರು ಮಾರ್ಚ್ ತಿಂಗಳಿಂದಲೇ ಡಿಕ್ಕಿಯಲ್ಲಿ ರೇನ್‌ಕೋಟ್ ಇಟ್ಟುಕೊಳ್ಳುವುದು ಲೇಸು. ಹೊಳೆಯುವ ಪಟ್ಟಿ ಇರುವ, ಗಾಢವಲ್ಲದ ಬಣ್ಣದ ಕೋಟ್ ಆದರೆ ಲಾರಿ-ಟ್ರ್ಯಾಕ್ಟರ್ ಚಾಲಕರ ಕಣ್ಣಿಗೆ ಬೀಳುತ್ತದೆ.

ಆದರೆ ಸಿಡಿಲಿಗೆ ಯಾವ ಉಡುಪೂ ತಡೆಯಲ್ಲ. ರಬ್ಬರ್ ಚಪ್ಪಲಿ, ರೇನ್‌ಕೋಟ್ ಸಿಡಿಲಿನಿಂದ ಕಾಪಾಡುತ್ತವೆ ಎಂಬುದು ತಪ್ಪು ನಂಬಿಕೆ. ಗುಡುಗು ಕೇಳಿಸಿತೆಂದರೆ ಒಂಟಿ ಮರದ ಆಸರೆ ಬಿಟ್ಟು ಪಕ್ಕಾ ಕಟ್ಟಡವನ್ನೋ ಮುಚ್ಚಿದ ವಾಹನವನ್ನೋ ಸೇರಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸಮೀಪದ ಸಿಡಿಲಿನ ಮುನ್ಸೂಚನೆ ನೀಡುತ್ತದೆ.

ನಡುಕ ನಿಂತರೆ ಗಾಬರಿಯಾಗಬೇಕು

ಶಾಖ ಕುಸಿತದ ಲಕ್ಷಣಗಳನ್ನು ಜೊತೆಗಾರರೇ ಗುರುತಿಸಬೇಕು, ಏಕೆಂದರೆ ಪೀಡಿತನಿಗೆ ತನ್ನ ಸ್ಥಿತಿಯ ಅರಿವಿರದು. ಮೊದಲು ತಡೆಯಲಾಗದ ನಡುಕ. ನಂತರ ತೊದಲು ಮಾತು, ತಡವರಿಸುವ ಹೆಜ್ಜೆ, ಗುಂಡಿ ಹಾಕಲೂ ಬಾರದ ಬೆರಳು, ಯಾವುದರಲ್ಲೂ ಆಸಕ್ತಿಯಿಲ್ಲದ ಮಂಕು. ಕೊನೆಗೆ ನಡುಕ ತಾನಾಗಿಯೇ ನಿಲ್ಲುತ್ತದೆ. ಅದು ಗುಣವಾದ ಸೂಚನೆಯಲ್ಲ, ದೇಹ ಸೋತ ಸೂಚನೆ. ಕೆಲವರು ಸೆಕೆಯಾಗುತ್ತಿದೆ ಎಂದು ಬಟ್ಟೆ ಬಿಚ್ಚಲು ತೊಡಗುವುದೂ ಉಂಟು.

ಇಂತಹ ಸಂದರ್ಭದಲ್ಲಿ ಗಾಳಿಯಿಂದ ಮರೆ ಮಾಡಿ, ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ತೊಡಿಸಬೇಕು. ನೆಲದ ತಂಪು ತಟ್ಟದಂತೆ ಕೆಳಗೆ ಹಾಸಬೇಕು, ಏಕೆಂದರೆ ಮೇಲಿನ ಹೊದಿಕೆಯಷ್ಟೇ ಕೆಳಗಿನ ಹಾಸೂ ಮುಖ್ಯ. ಎಚ್ಚರವಿದ್ದು ನುಂಗಬಲ್ಲವರಾದರೆ ಬೆಚ್ಚಗಿನ ಸಿಹಿ ಪಾನೀಯ ಕೊಡಬಹುದು. ಮದ್ಯ ಕೂಡದು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಚೆಲ್ಲುತ್ತದೆ. ಕೈಕಾಲು ತಿಕ್ಕುವುದೂ, ಬಲವಂತವಾಗಿ ನಡೆಸುವುದೂ ಅಪಾಯ. ನಡುಕ ನಿಂತವರನ್ನು ಅಲುಗಾಡಿಸದೆ ವೈದ್ಯಕೀಯ ನೆರವಿಗೆ ಒಯ್ಯಬೇಕು.

ಹೊರಗಿನ ಉಡುಪು ಶಾಖವನ್ನು ಕಾಯುತ್ತದೆಯೇ ಹೊರತು ಉತ್ಪಾದಿಸದು. ಉತ್ಪಾದಿಸುವುದು ಹೊಟ್ಟೆಗೆ ಹಾಕಿದ ಅನ್ನ. ಬೆಲ್ಲ, ಅಂಟು, ಕೊಬ್ಬರಿ, ಒಣಹಣ್ಣು ಸೇರಿಸಿ ಮಾಡುವ ಗೋಕಾಕದ ಕರದಂಟು ಈ ದೃಷ್ಟಿಯಿಂದ ಚಾರಣಕ್ಕೆ ಹೇಳಿ ಮಾಡಿಸಿದ ತಿನಿಸು. ಅಲ್ಪ ತೂಕದಲ್ಲಿ ಹೆಚ್ಚು ಶಕ್ತಿ, ವಾರವಾದರೂ ಕೆಡದು. ಜೇಬಿನಲ್ಲಿಟ್ಟುಕೊಂಡು ಹಸಿವಾಗುವ ಮುನ್ನವೇ ತಿನ್ನಬೇಕು.

ಹೊರಡುವ ಮುನ್ನ ನೆನಪಿರಲಿ

* ಚಳಿ-ಮಳೆಯ ಪ್ರವಾಸಕ್ಕೆ ಹತ್ತಿಯ ಬನಿಯನ್, ಜೀನ್ಸ್ ಬೇಡ.
* ಮೇಲಿಗೂ ಕಾಲಿಗೂ ಹೊಲಿಗೆ ಮುಚ್ಚಿದ ಹೊರಪದರ ಇರಲಿ.
* ಹೊಸ ಉಡುಪನ್ನು ಊರಿನ ಮಳೆಯಲ್ಲಿ ಒಂದು ಗಂಟೆ ನಡೆದು ಪರೀಕ್ಷಿಸಿ.
* ಒಣ ಬಟ್ಟೆ, ಕೈಗವಸು, ಕಾಲುಚೀಲಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಬೆನ್ನುಚೀಲದ ಮೇಲಿನ ಕವರ್ ಒಂದನ್ನೇ ನಂಬಬೇಡಿ.
* ಹಗುರ ತಾಡಪತ್ರಿ ಅಥವಾ ತುರ್ತು ಹೊದಿಕೆ ಪ್ರತಿಯೊಬ್ಬರ ಬಳಿಯೂ ಇರಲಿ, ಗುಂಪಿಗೊಂದು ಸಾಲದು.
* ಹವೆ ಕೆಡುವ ಮುನ್ಸೂಚನೆ ಇದ್ದರೆ ಹಿಂತಿರುಗಿ. ಶಿಖರ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.

ಸಾವಿರಾರು ರೂಪಾಯಿಯ ಜಾಕೆಟ್ ಎಲ್ಲರ ಕೈಗೆ ಎಟುಕದಿರಬಹುದು. ಆದರೆ ಒಳಗೆ ಒಣಗಿರಬೇಕು, ನಡುವೆ ಬೆಚ್ಚಗಿರಬೇಕು, ಹೊರಗೆ ಗಾಳಿ-ನೀರು ತಡೆಯಬೇಕು ಎಂಬ ತತ್ವಕ್ಕೆ ಹೆಚ್ಚು ಹಣ ಬೇಕಿಲ್ಲ. ಕಂಬಳಿಯ ಮೇಲೆ ತಾಡಪತ್ರಿ ಹೊದ್ದು ಕುರಿಹಟ್ಟಿಯ ಪಕ್ಕ ಮಳೆಯ ರಾತ್ರಿ ಕಳೆಯುವ ಕುರಿಗಾಹಿಗೆ ಅದು ಗೊತ್ತಿದೆ. ಹಿಮಾಲಯಕ್ಕೆ ಟಿಕೆಟ್ ಕಾಯ್ದಿರಿಸುವವರಿಗೂ ಅದು ಗೊತ್ತಿರಬೇಕು.